ಗುಂಗುರು ಕೂದಲಿನ ನ್ಯಾಯ

ಕಾವ್ಯದಲ್ಲಿ ಹೊಗಳಿಸಿಕೊಂಡು ಮನೆಯಲ್ಲಿ ಬೈಸಿಕೊಳ್ಳುವ ವಸ್ತು ಯಾವುದೆಂದು ಯಾರಾದರೂ ಒಗಟು ಹಾಕಿದರೆ, ಗುಂಗುರು ಕೂದಲೆಂದು ಧಾರಾಳವಾಗಿ ಉತ್ತರ ಹೇಳಬಹುದು. ನಾಯಿಕೆಯ ಹಣೆಯ ಮೇಲೆ ಮುಂಗುರುಳು ಆಡದ ಹೊರತು ಕವಿಗೆ ವರ್ಣನೆ ಪೂರ್ತಿಯಾಗದು. ಕುಟಿಲಕುಂತಳೆ ಎಂಬುದು ಹಳೆಯ ಕಾವ್ಯದಲ್ಲಿ ನಿಂದೆಯಲ್ಲ, ಪ್ರಶಂಸೆ. ಆದರೆ ಅದೇ ಕುಂತಳವನ್ನು ಹೊತ್ತ ಹತ್ತು ವರ್ಷದ ಹುಡುಗಿಯೊಬ್ಬಳು ಬೆಳಗಿನ ಏಳೂವರೆಗೆ, ಶಾಲೆಯ ಬಸ್ಸು ಬರುವ ಮುನ್ನ, ತಾಯಿಗೆ ಬೆನ್ನು ಕೊಟ್ಟು ಕುಳಿತಾಗ ಅವಳ ಕಿವಿಗೆ ಬೀಳುವ ಮಾತುಗಳೇ ಬೇರೆ: ಕಾಗೆಯ ಗೂಡು, ಲಂಟಾನದ ಪೊದೆ, ತೆಂಗಿನ ನಾರು! ಹುಡುಗಿಯ ಕಣ್ಣಿನಲ್ಲಿ ನೀರು, ತಾಯಿಯ ಕೈಯಲ್ಲಿ ಹಲ್ಲು ಮುರಿದ ಬಾಚಣಿಗೆ.

ಇದರಲ್ಲಿ ತಪ್ಪು ತಾಯಿಯದೂ ಅಲ್ಲ, ಮಗಳದೂ ಅಲ್ಲ. ಎಣ್ಣೆ ಹಚ್ಚುವುದು, ಎರೆಯುವುದು, ಒರೆಸುವುದು, ಬಾಚುವುದು ಇವೆಲ್ಲದರಲ್ಲಿ ಹೆಚ್ಚಿನ ಮನೆಗಳು ಅನುಸರಿಸುತ್ತಿರುವ ಕ್ರಮ ನೇರವಾದ ಕೂದಲಿಗೆ ಒಪ್ಪುವಂಥದು. ಅದನ್ನೇ ಸುರುಳಿ ಕೂದಲಿಗೂ ಅನ್ವಯಿಸಿ, ಫಲ ಕಾಣದಾಗ ಕೂದಲನ್ನು ದೂರುವುದು ವಾಡಿಕೆಯಾಗಿಬಿಟ್ಟಿದೆ. ಗುಂಗುರು ಕೂದಲೆಂದರೆ ಕೆಟ್ಟುಹೋದ ನೇರ ಕೂದಲಲ್ಲ. ಅದರ ಹುಟ್ಟು ಬೇರೆ. ಅದಕ್ಕೆ ಸಲ್ಲುವ ಉಪಚಾರವೂ ಬೇರೆ.

ಕೂದಲು ಹುಟ್ಟುವುದು ಚರ್ಮದೊಳಗಿನ ಒಂದು ಪುಟ್ಟ ಕುಳಿಯಲ್ಲಿ. ಕುಳಿ ನೆಟ್ಟಗಿದ್ದರೆ ಕೂದಲು ನೆಟ್ಟಗೆ ಬರುತ್ತದೆ. ಬಾಗಿದ್ದರೆ ಸುರುಳಿಯಾಗಿ ಬರುತ್ತದೆ. ಅಡ್ಡಲಾಗಿ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದರೆ ನೇರ ಕೂದಲು ಬಹುಮಟ್ಟಿಗೆ ಗುಂಡಾಗಿಯೂ, ಸುರುಳಿ ಕೂದಲು ಚಪ್ಪಟೆಯಾಗಿಯೂ ಕಾಣುತ್ತದೆ. ಇದು ವಂಶದಿಂದ ಬರುವ ಗುಣ. ಒಂದೇ ಮನೆಯ ಅಕ್ಕನಿಗೆ ನೀಳವಾದ ಜಡೆ, ತಂಗಿಗೆ ಗುಂಗುರು ಎಂದರೆ ಸೋಜಿಗಪಡಬೇಕಾದುದಿಲ್ಲ. ತಲೆ ಬೋಳಿಸಿದರೆ ಮುಂದೆ ನೇರವಾಗಿ ಬೆಳೆದೀತೆಂಬ ನಂಬಿಕೆಯೊಂದುಂಟು. ತಿರುಪತಿಯಲ್ಲಿ ಮುಡಿ ಕೊಟ್ಟರೆ ಹರಕೆಯ ಪುಣ್ಯ ಸಲ್ಲಬಹುದು. ಕುಳಿಯ ಆಕಾರ ಮಾತ್ರ ಬದಲಾಗದು.

ನೆತ್ತಿಯ ಚರ್ಮದಲ್ಲಿ ತಾನಾಗಿಯೇ ಒಸರುವ ಜಿಡ್ಡು ನೇರ ಕೂದಲಿನ ಮೇಲೆ ಸಲೀಸಾಗಿ ಇಳಿದು ತುದಿಯವರೆಗೂ ಹೋಗುತ್ತದೆ. ಸುರುಳಿಯ ಮೇಲೆ ಇಳಿಯಬೇಕಾದರೆ ಘಟ್ಟದ ರಸ್ತೆಯಂತೆ ತಿರುವಿನ ಮೇಲೆ ತಿರುವು. ಆದುದರಿಂದಲೇ ಬುಡದಲ್ಲಿ ಜಿಡ್ಡು, ತುದಿಯಲ್ಲಿ ಒಣಕಲು ಎಂಬ ವಿಚಿತ್ರ ಸ್ಥಿತಿ. ತಿರುವು ಇದ್ದಲ್ಲೆಲ್ಲ ಕೂದಲು ದುರ್ಬಲ. ಎಳೆದರೆ ತುಂಡಾಗುವುದು ಅಲ್ಲಿಯೇ. ಇಷ್ಟು ತಿಳಿದಿದ್ದರೆ ಮುಂದಿನ ಉಪಚಾರದ ಅರ್ಧ ಭಾಗ ತಾನಾಗಿ ಹೊಳೆಯುತ್ತದೆ. ಹಾಗೆಂದು ಪ್ರಕೃತಿ ಇದನ್ನು ಸುಮ್ಮನೆ ಕೊಟ್ಟಿತೆಂದು ತಿಳಿಯಬೇಕಾಗಿಲ್ಲ. ಟೀನಾ ಲಸಿಸಿ ಮತ್ತು ಅವರ ಸಂಗಡಿಗರು 2023ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ಕಾಯಿಸಿದ ಬೊಂಬೆಯ ತಲೆಗೆ ಬಗೆಬಗೆಯ ಕೃತಕ ಕೇಶವನ್ನು ತೊಡಿಸಿ, ಬಿಸಿಲಿನಂಥ ದೀಪದ ಕೆಳಗಿಟ್ಟು ಅಳೆದು ನೋಡಿದರು. ಎಲ್ಲ ಬಗೆಯ ಕೂದಲೂ ತಾಪವನ್ನು ತಡೆಯಿತು. ಎಲ್ಲಕ್ಕಿಂತ ಚೆನ್ನಾಗಿ ತಡೆದದ್ದು ಬಿಗಿಯಾದ ಗುಂಗುರು ಕೂದಲು.

ಇನ್ನು ಹೆಂಗಸರನ್ನು ಹೆಚ್ಚಾಗಿ ಪೀಡಿಸುವುದು ಸುರುಳಿಯಲ್ಲ, ಕೆದರಿಕೆ. ಬೆಳಿಗ್ಗೆ ಅಚ್ಚುಕಟ್ಟಾಗಿದ್ದ ತಲೆ ಮಧ್ಯಾಹ್ನದ ವೇಳೆಗೆ ಹತ್ತಿಯ ಉಂಡೆಯಂತೆ ಉಬ್ಬಿ ನಿಲ್ಲುತ್ತದೆ. ಇದಕ್ಕೆ ಕಾರಣ ಗಾಳಿಯಲ್ಲಿರುವ ತೇವ. ಕೂದಲು ತೇವವನ್ನು ಹೀರಿ ಉದ್ದವಾಗುತ್ತದೆ, ಒಣಗಿ ಗಿಡ್ಡವಾಗುತ್ತದೆ. ಜಿನೀವದ ವಿಜ್ಞಾನಿ ಹೊರೇಸ್ ಬೆನೆಡಿಕ್ಟ್ ದ ಸೊಸ್ಯೂರ್ ಈ ಗುಣವನ್ನೇ ಹಿಡಿದು, ಗಾಳಿಯ ತೇವವನ್ನು ಅಳೆಯುವ ಯಂತ್ರವನ್ನು ಮನುಷ್ಯರ ಕೂದಲಿನಿಂದಲೇ ರಚಿಸಿ 1783ರಲ್ಲಿ ಅದರ ವಿವರವನ್ನು ಗ್ರಂಥರೂಪದಲ್ಲಿ ಪ್ರಕಟಿಸಿದನು. ತೀರ ಒಣ ಹವೆಯಿಂದ ತುಂಬು ತೇವಕ್ಕೆ ಬಂದಾಗ ಕೂದಲು ನೂರಕ್ಕೆ ಸುಮಾರು ಎರಡೂವರೆಯಷ್ಟು ಉದ್ದವಾಗುತ್ತದೆ. ಇಂಥ ಕೂದಲಿನ ಮಾಪಕಗಳು ಹವಾಮಾನದ ಕಚೇರಿಗಳಲ್ಲಿ 20ನೆಯ ಶತಮಾನದಲ್ಲಿಯೂ ಕೆಲಸ ಮಾಡುತ್ತಿದ್ದವು. ಅಂದಮೇಲೆ ಕಲಬುರಗಿಯಲ್ಲಿ ಹೇಳಿದ ಮಾತು ಕೇಳುತ್ತಿದ್ದ ಕೂದಲು, ಮದುವೆಯಾಗಿ ಮಂಗಳೂರಿಗೆ ಬಂದ ಕೂಡಲೆ ಜುಲೈ ತಿಂಗಳಲ್ಲಿ ಎದುರು ತಿರುಗಿ ನಿಂತರೆ ಹವಾಮಾನದ ವರದಿಯೆಂದೇ ಎಣಿಸಬಹುದು.

ಒಳಗೆ ಒಣಗಿರುವ ಕೂದಲು ಹೊರಗಿನ ತೇವವನ್ನು ಬೇಕಾಬಿಟ್ಟಿಯಾಗಿ ಹೀರುತ್ತದೆ. ಒಂದೊಂದು ಎಳೆಯೂ ಒಂದೊಂದು ಪ್ರಮಾಣದಲ್ಲಿ ಉಬ್ಬಿ ತನ್ನ ಪಾಡಿಗೆ ತಾನು ಎದ್ದು ನಿಲ್ಲುತ್ತದೆ. ಹಾಗಾಗಿ ಕೆದರಿದ ತಲೆಯನ್ನು ಮತ್ತೆ ಮತ್ತೆ ಬಾಚಿ, ಬಿಸಿಗಾಳಿ ಹಾಯಿಸಿ ಒಣಗಿಸುವುದು ರೋಗಕ್ಕೆ ಅಪಥ್ಯವಿತ್ತಂತೆ. ಮೊದಲು ಕೂದಲಿಗೆ ನೀರುಣಿಸಿ, ಅನಂತರ ಆ ನೀರು ಆರಿಹೋಗದಂತೆ ಮೇಲೊಂದು ತೆಳುವಾದ ಲೇಪ ಕೊಡುವುದೇ ಇದಕ್ಕೆ ತಕ್ಕ ಉಪಾಯ.

ಮೊದಲಿಗೆ ಬಾಚಣಿಗೆಯ ವಿಚಾರ. ಬೆಳಗಿನ ಜಗಳ ಬಸವನಗುಡಿಯಲ್ಲಾಗಲಿ ಮೈಸೂರಿನಲ್ಲಾಗಲಿ ಒಂದೇ ತೆರನಾದುದು.

"ಅಮ್ಮಾ, ನೋಯುತ್ತೆ! ಮೆಲ್ಲಗೆ!"

"ಅಲ್ಲಾಡಬೇಡವೇ. ಬಸ್ಸು ಬರುವ ಹೊತ್ತಾಯಿತು."

ನಡುಮನೆಯಿಂದ ಅಜ್ಜಿಯ ದನಿ: "ಒಣ ತಲೆಗೆ ಹಣಿಗೆ ಹಾಕಿದರೆ ಮಗು ಅಳದೆ ಇನ್ನೇನು ಮಾಡೀತೇ? ಕೈಗಿಷ್ಟು ನೀರು ಮುಟ್ಟಿಸಿಕೊ."

ಅಜ್ಜಿಯ ಮಾತೇ ಇಲ್ಲಿ ಶಾಸ್ತ್ರಸಮ್ಮತ. ನೇರ ಕೂದಲು ಒದ್ದೆಯಾಗಿರುವಾಗ ಬಾಚಿದರೆ ಹಿಗ್ಗಿ ತುಂಡಾಗುತ್ತದೆ. ಅದು ತುಸು ಆರಿದ ಮೇಲೆ ಬಾಚುವುದು ಮೇಲು. ಗುಂಗುರು ಕೂದಲಿಗೆ ಇದು ತಿರುಗುಮುರುಗು. ಅದನ್ನು ತೇವವಿರುವಾಗಲೇ ಬಿಡಿಸಬೇಕೆಂದು ಅಮೆರಿಕದ ಚರ್ಮವೈದ್ಯರ ಸಂಘವೂ ಸಲಹೆ ಕೊಡುತ್ತದೆ. ಹಲ್ಲು ಅಗಲವಾಗಿರುವ ಬಾಚಣಿಗೆಯನ್ನೇ ಬಳಸಬೇಕು. ಹೇನು ತೆಗೆಯುವ ಸಣ್ಣ ಹಲ್ಲಿನ ಹಣಿಗೆ ಹೇನಿಗೆ ಮಾತ್ರ ಇರಲಿ. ಮೊದಲು ಬೆರಳುಗಳಿಂದಲೇ ದೊಡ್ಡ ಸಿಕ್ಕುಗಳನ್ನು ಸಡಿಲಿಸಬೇಕು. ಅನಂತರ ತುದಿಯ ಎರಡಂಗುಲವನ್ನು ಬಾಚಿ, ಅದರ ಮೇಲಿನ ಎರಡಂಗುಲಕ್ಕೆ ಹೋಗಿ, ಹೀಗೆ ಕೆಳಗಿನಿಂದ ಮೇಲಕ್ಕೆ ಏರಬೇಕು. ಬುಡದಿಂದ ತುದಿಗೆ ಒಂದೇ ಸಲಕ್ಕೆ ಎಳೆದರೆ ದಾರಿಯ ಸಿಕ್ಕುಗಳೆಲ್ಲ ತುದಿಯಲ್ಲಿ ಬಂದು ಒಂದೇ ಗಂಟಾಗುತ್ತವೆ. ಬಾಚುವಾಗ ಇನ್ನೊಂದು ಕೈಯಿಂದ ಬುಡದ ಬಳಿ ಹಿಡಿದಿದ್ದರೆ ನೆತ್ತಿ ನೋಯುವುದಿಲ್ಲ. ಈ ಒಂದು ಉಪಾಯದಿಂದಲೇ ಅನೇಕ ಮನೆಗಳಲ್ಲಿ ಬೆಳಗಿನ ಅಳು ನಿಂತೀತು.

ಶಾಲೆಗೆ ಎರಡು ಜಡೆ, ಟೇಪು ಎಂಬ ನಿಯಮವಿರುವೆಡೆ ತಾಯಂದಿರು ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಗುಂಗುರು ಕಾಣಿಸಬಾರದೆಂದು ಹಣೆಯ ಚರ್ಮ ಬಿಗಿಯುವಂತೆ ದಿನವೂ ಎಳೆದು ಹೆಣೆದರೆ, ಹಣೆಯ ಅಂಚಿನಲ್ಲಿಯೂ ಕಿವಿಯ ಮುಂದುಗಡೆಯೂ ಕೂದಲು ವಿರಳವಾಗತೊಡಗುತ್ತದೆ. ಆರಂಭದಲ್ಲಿ ಜಡೆ ಸಡಿಲಿಸಿದರೆ ಅದು ಮತ್ತೆ ಬೆಳೆಯುತ್ತದೆ. ವರ್ಷಗಟ್ಟಲೆ ಎಳೆತ ಸಾಗಿದರೆ ಬುಡವೇ ಬತ್ತಿಹೋಗಿ ಅಲ್ಲಿ ಎಂದೆಂದಿಗೂ ಕೂದಲು ಬಾರದೆ ಉಳಿಯಬಹುದು. ಹುಡುಗಿ "ತಲೆ ನೋವು" ಎಂದು ಸಂಜೆ ಬಂದು ಜಡೆ ಬಿಚ್ಚಿದೊಡನೆ ನೋವು ಹೋಯಿತೆಂದರೆ, ನಾಳೆಯಿಂದ ಜಡೆ ಸಡಿಲಾಗಬೇಕೆಂದು ಅರ್ಥ.

ಎಣ್ಣೆಯ ವಿಚಾರದಲ್ಲಿ ನಾಡಿನ ಪದ್ಧತಿಗೆ ವಿಜ್ಞಾನದ ಬೆಂಬಲ ದೊರೆತಿದೆ. 2003ರಲ್ಲಿ ರೇಲೆ ಮತ್ತು ಮೊಹಿಲೆ ಎಂಬ ಭಾರತೀಯ ಸಂಶೋಧಕರು ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ ಮತ್ತು ಖನಿಜ ತೈಲ ಈ ಮೂರನ್ನೂ ಹೋಲಿಸಿ ನೋಡಿದರು. ತೊಳೆಯುವಾಗ ಕೂದಲಿನಿಂದ ಪ್ರೋಟೀನು ನಷ್ಟವಾಗುವುದನ್ನು ತಗ್ಗಿಸಿದ್ದು ಕೊಬ್ಬರಿ ಎಣ್ಣೆಯೊಂದೇ. ಅದರ ಅಣುಗಳು ಕೂದಲಿನ ಒಳಕ್ಕೆ ಇಳಿಯಬಲ್ಲವು. ಆದರೆ ಎಣ್ಣೆಯೆಂಬುದು ನೀರಲ್ಲ. ಒಣಗಿದ ಕೂದಲಿಗೆ ಎಷ್ಟು ಎಣ್ಣೆ ಸುರಿದರೂ ತೇವ ಬಾರದು. ಎರೆದುಕೊಳ್ಳುವುದಕ್ಕೆ ಒಂದೆರಡು ಗಂಟೆ ಮೊದಲು ತುದಿಗಳಿಗೆ ಚೆನ್ನಾಗಿ ಹಚ್ಚುವುದು, ಎರೆದುಕೊಂಡ ಬಳಿಕ ಒದ್ದೆ ಕೂದಲಿನ ಮೇಲೆ ಅಂಗೈಯಲ್ಲಿ ಉಜ್ಜಿದ ನಾಲ್ಕಾರು ಹನಿಗಳನ್ನು ಸವರುವುದು, ಇಷ್ಟೇ ಅದರ ಕೆಲಸ. ಹರಳೆಣ್ಣೆಯ ವಿಷಯದಲ್ಲಿ ಎಚ್ಚರ ಬೇಕು. ಅದು ಅಂಟಂಟಾದುದು. ಉದ್ದವಾದ ಕೂದಲಿಗೆ ಅದನ್ನು ಸುರಿದು ತಿಕ್ಕಿದಾಗ ಇಡೀ ಮುಡಿ ಕಂಬಳಿಯಂತೆ ಗಟ್ಟಿಯಾಗಿ ಹೆಣೆದುಕೊಂಡು, ಬಿಡಿಸಲಾಗದೆ ಕತ್ತರಿಸಬೇಕಾಗಿ ಬಂದ ಪ್ರಸಂಗವನ್ನು ವೈದ್ಯರು 2017ರಲ್ಲಿ ವರದಿ ಮಾಡಿದ್ದಾರೆ. ಅಭ್ಯಂಜನಕ್ಕೆ ಹರಳೆಣ್ಣೆಯೇ ಬೇಕೆನ್ನುವವರು ಕೊಬ್ಬರಿ ಎಣ್ಣೆಯೊಂದಿಗೆ ತೆಳುವಾಗಿ ಬೆರೆಸಿ, ನೆತ್ತಿಗೆ ಮಾತ್ರ, ಮೆಲ್ಲನೆ ಹಚ್ಚಿಕೊಳ್ಳುವುದು ಲೇಸು.

ಎರೆಯುವುದಕ್ಕೆ ಮೈಸೋಪು ಕೂಡದು. ಸೋಪಿನ ಕ್ಷಾರಗುಣದಿಂದ ಕೂದಲಿನ ಮೇಲಿನ ಸೂಕ್ಷ್ಮ ಹುರುಪೆಗಳು ಎದ್ದು ನಿಂತು ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ಕೊಳವೆಬಾವಿಯ ಗಡಸು ನೀರಾದರಂತೂ ಸೋಪು ನೊರೆಗಟ್ಟದೆ ಬೆಳ್ಳನೆಯ ಕಲ್ಕವಾಗಿ ಕೂದಲಿಗೆ ಅಂಟುತ್ತದೆ. ಬೆಂಗಳೂರಿನ ಹೊಸ ಬಡಾವಣೆಗಳಿಗೆ ಮನೆ ಬದಲಾಯಿಸಿದ ಮೇಲೆ ಕೂದಲು ಒರಟಾಯಿತೆಂದು ಹೇಳುವವರು ಒಂದು ಸಲ ಬಕೆಟ್ಟಿನ ಅಂಚನ್ನು ನೋಡಬೇಕು. ಅಲ್ಲಿ ಬಿಳಿಯ ಪದರ ಕಟ್ಟಿದ್ದರೆ ಕೂದಲಿನ ಮೇಲೂ ಕಟ್ಟುತ್ತಿದೆ. ಕೊನೆಯ ಎರಡು ತಂಬಿಗೆಯಷ್ಟಾದರೂ ಮಳೆಯ ನೀರನ್ನೋ ಶುದ್ಧೀಕರಿಸಿದ ನೀರನ್ನೋ ಹೊಯ್ದುಕೊಂಡರೆ ವ್ಯತ್ಯಾಸ ತಿಳಿಯುತ್ತದೆ.

ಸೀಗೆಪುಡಿಗೆ ಸ್ವಲ್ಪ ಹುಳಿಗುಣವಿರುವುದರಿಂದ ಅದು ಸೋಪಿಗಿಂತ ಸೌಮ್ಯ. ಆದರೆ ಪುಡಿ ತರಿತರಿಯಾಗಿದ್ದರೆ ಸುರುಳಿಗಳ ನಡುವೆ ಸಿಕ್ಕಿ, ತಿಕ್ಕಿದಷ್ಟೂ ಕೂದಲನ್ನು ಸವೆಸುತ್ತದೆ. ಗುಂಗುರು ಕೂದಲಿನವರು ಸೀಗೆಕಾಯಿಯನ್ನು ನೆನೆಹಾಕಿ ಕುದಿಸಿ, ಬಟ್ಟೆಯಲ್ಲಿ ಸೋಸಿದ ತಿಳಿಯನ್ನು ಮಾತ್ರ ಬಳಸುವುದು ಒಳ್ಳೆಯದು. ಮಲೆನಾಡಿನವರ ಮತ್ತಿಸೊಪ್ಪಿನ ಗೊಂಪು, ದಾಸವಾಳದ ಎಲೆಯ ಲೋಳೆ ಇವು ಈ ಕೂದಲಿಗೆ ಹೇಳಿ ಮಾಡಿಸಿದಂಥವು. ಜಾರುವ ಗುಣದಿಂದ ಸಿಕ್ಕು ತಾನಾಗಿ ಬಿಡುತ್ತದೆ. ಪಟ್ಟಣದಲ್ಲಿ ಶಾಂಪೂ ಬಳಸುವವರು ಅದನ್ನು ನೆತ್ತಿಗೆ ಮಾತ್ರ ಹಚ್ಚಬೇಕು, ತುದಿಗೆ ಇಳಿದುಬರುವ ನೊರೆಯೇ ಸಾಕು. ಕಂಡೀಷನರನ್ನು ಇದಕ್ಕೆ ವಿರುದ್ಧವಾಗಿ ತುದಿಗೆ ಹಚ್ಚಿ ನೆತ್ತಿಗೆ ಬಿಡಬೇಕು. ಅದು ತಲೆಯಲ್ಲಿರುವಾಗಲೇ ಬಾಚಣಿಗೆ ಆಡಿಸಿಬಿಟ್ಟರೆ ಆ ವಾರದ ಬಾಚುವ ಕೆಲಸ ಬಚ್ಚಲುಮನೆಯಲ್ಲಿಯೇ ಮುಗಿದಂತೆ. ವಾರಕ್ಕೆ ಒಂದೆರಡು ಸಲ ಎರೆದುಕೊಂಡರೆ ಸಾಕು. ಪ್ರತಿದಿನ ತೊಳೆಯುವುದು ಗುಂಗುರು ಕೂದಲಿಗೆ ಹಿತವಲ್ಲ.

ಅನಂತರ ಒರೆಸುವುದು. ದಪ್ಪನೆಯ ಟವೆಲಿನಿಂದ ಗಸಗಸನೆ ಉಜ್ಜುವುದರಷ್ಟು ಕೆದರಿಕೆಯನ್ನು ಹೆಚ್ಚಿಸುವ ಕೆಲಸ ಮತ್ತೊಂದಿಲ್ಲ. ತಾತನ ಹಳೆಯ ಪಂಚೆಯ ತುಂಡು ಇದಕ್ಕೆ ಶ್ರೇಷ್ಠ. ತಲೆಯನ್ನು ಬಗ್ಗಿಸಿ, ಬಟ್ಟೆಯನ್ನು ಕೂದಲಿನ ಕೆಳಗೆ ಹಿಡಿದು, ಸುರುಳಿಗಳನ್ನು ತುದಿಯಿಂದ ನೆತ್ತಿಯ ಕಡೆಗೆ ಮೆಲ್ಲನೆ ಒತ್ತಿ ನೀರು ಹಿಂಡಬೇಕು. ಇಲ್ಲಿ ಒಂದು ರಹಸ್ಯವುಂಟು. ಕೂದಲು ನೆನೆದಾಗ ಅದರೊಳಗಿನ ಕೆಲವು ದುರ್ಬಲವಾದ ಕಟ್ಟುಗಳು ಬಿಚ್ಚಿಕೊಳ್ಳುತ್ತವೆ. ಒಣಗುವಾಗ ಯಾವ ಆಕಾರದಲ್ಲಿರುತ್ತದೋ ಅದೇ ಆಕಾರದಲ್ಲಿ ಮತ್ತೆ ಕಟ್ಟಿಕೊಳ್ಳುತ್ತವೆ. ಆದುದರಿಂದ ಒದ್ದೆಯಾಗಿರುವಾಗ ಸುರುಳಿಯನ್ನು ಬೆರಳಿಗೆ ಸುತ್ತಿ ರೂಪು ಕೊಟ್ಟು, ಪೂರ್ತಿ ಒಣಗುವ ತನಕ ಅದರ ಗೊಡವೆಗೆ ಹೋಗಬಾರದು. ಮುಟ್ಟಿದಷ್ಟೂ ಎಳೆಗಳು ಬೇರ್ಪಟ್ಟು ಕೆದರುತ್ತವೆ.

ರೂಪು ನಿಲ್ಲುವುದಕ್ಕೆ ಅಂಗಡಿಯ ಜೆಲ್ಲೇ ಬೇಕೆಂದಿಲ್ಲ. ಉತ್ತರ ಕರ್ನಾಟಕದ ಅಡಿಗೆಮನೆಗಳಲ್ಲಿ ಚಟ್ನಿಪುಡಿಗೆಂದು ಇಟ್ಟಿರುವ ಅಗಸೆ ಸಾಕು. ಕಾಲು ಲೋಟ ಅಗಸೆಗೆ ಎರಡು ಲೋಟ ನೀರು ಹಾಕಿ, ಕದಡುತ್ತ ಏಳೆಂಟು ನಿಮಿಷ ಕುದಿಸಬೇಕು. ಬೆಂಡೆಯ ಲೋಳೆಯಂತೆ ಎಳೆ ಬರತೊಡಗಿದ ಕೂಡಲೆ ಇಳಿಸಿ, ಬಿಸಿಯಿರುವಾಗಲೇ ಸೋಸಿಬಿಡಬೇಕು. ಆರಿದ ಮೇಲೆ ಸೋಸುತ್ತೇನೆಂದರೆ ಬೀಜ ಲೋಳೆಗಳು ಒಂದಾಗಿ ಯಾವ ಬಟ್ಟೆಯಲ್ಲೂ ಇಳಿಯವು. ಮೊದಲ ಸಲ ಮಾಡುವವರೆಲ್ಲರೂ ಇಲ್ಲಿಯೇ ಎಡವುತ್ತಾರೆ. ಶೀತಲ ಪೆಟ್ಟಿಗೆಯಲ್ಲಿಟ್ಟರೆ ಒಂದು ವಾರ ಕೆಡದು. ಒದ್ದೆ ಕೂದಲಿಗೆ ಇದನ್ನು ಸವರಿ ಒಣಗಲು ಬಿಟ್ಟರೆ ಮೇಲೆ ತೆಳ್ಳನೆಯ ಗಟ್ಟಿ ಪದರವೊಂದು ನಿಲ್ಲುತ್ತದೆ. ಪೂರ್ತಿ ಒಣಗಿದ ನಂತರ ಎರಡು ಹನಿ ಎಣ್ಣೆಯ ಕೈಯಿಂದ ಅದುಮಿದರೆ ಪದರ ಪುಡಿಯಾಗಿ, ಸುರುಳಿ ಮೆತ್ತಗಾಗಿ ಉಳಿಯುತ್ತದೆ. ರಾತ್ರಿ ಮಲಗುವಾಗ ದಿಂಬಿಗೆ ಹಳೆಯ ರೇಷ್ಮೆ ಸೀರೆಯ ತುಂಡನ್ನು ಹೊದಿಸಿ, ಕೂದಲನ್ನು ನೆತ್ತಿಯ ಮೇಲೆ ಸಡಿಲವಾಗಿ ಕಟ್ಟಿದರೆ ಬೆಳಗಿನ ಕೆಲಸ ಅರ್ಧವಾಗುತ್ತದೆ.

ಕೂದಲು ಕತ್ತರಿಸುವವರಿಗೆ ಒಂದು ಮಾತು ಹೇಳಿಡಬೇಕು: ಗುಂಗುರು ಕೂದಲು ಒಣಗಿದಾಗ ಮೇಲಕ್ಕೆ ಸೇದಿಕೊಳ್ಳುತ್ತದೆ. ಒದ್ದೆಯಲ್ಲಿ ಭುಜದವರೆಗೆ ಎಂದು ಕತ್ತರಿಸಿದ್ದು ಒಣಗಿದ ಮೇಲೆ ಕಿವಿಯ ಬಳಿ ಬಂದು ನಿಂತೀತು.

ಇಷ್ಟೆಲ್ಲ ಶ್ರಮವೇಕೆ, ಒಂದೇ ದಿನದಲ್ಲಿ ನೇರ ಮಾಡಿಸಿಬಿಡಬಹುದಲ್ಲ ಎಂಬ ಪ್ರಶ್ನೆ ಮದುವೆಯ ಮನೆಗಳಲ್ಲಿ ತಪ್ಪದೆ ಏಳುತ್ತದೆ. ಛಾಯಾಚಿತ್ರಕ್ಕೆ ಚೆನ್ನಾಗಿ ಕಾಣಬೇಕು, ಬೀಗರ ಕಡೆಯವರು ಏನೆಂದುಕೊಂಡಾರು ಎಂದು ಹುಡುಗಿಯ ಸೋದರತ್ತೆಯೋ ಚಿಕ್ಕಮ್ಮನೋ ಸಲಹೆ ಕೊಡುತ್ತಾರೆ. ಒಂದು ಕಾಲದಲ್ಲಿ ಇದೇ ಲೋಕ ತಲೆಕೆಳಗಾಗಿತ್ತೆಂಬುದು ಅವರಿಗೆ ತಿಳಿದಿರದು. 20ನೆಯ ಶತಮಾನದ ಆರಂಭದಲ್ಲಿ ಲಂಡನ್ನಿನಲ್ಲಿ ಕಾರ್ಲ್ ನೆಸ್ಲರ್ ಎಂಬ ಜರ್ಮನ್ ಕ್ಷೌರಿಕನು ನೇರ ಕೂದಲನ್ನು ಗುಂಗುರು ಮಾಡುವ ಯಂತ್ರವನ್ನು ಹೂಡಿದಾಗ, ಹೆಂಗಸರು ಭಾರವಾದ ಹಿತ್ತಾಳೆಯ ಸರಳುಗಳನ್ನು ಕಾಯಿಸಿ ತಲೆಗೆ ತೂಗುಹಾಕಿಸಿಕೊಂಡು ಗಂಟೆಗಟ್ಟಲೆ ಕುಳಿತಿರುತ್ತಿದ್ದರು. ಮೊದಲ ಪ್ರಯೋಗಗಳು ನಡೆದದ್ದು ಅವನ ಹೆಂಡತಿಯ ತಲೆಯ ಮೇಲೆ. ಆಕೆಯ ನೆತ್ತಿ ಸುಟ್ಟದ್ದೂ ಉಂಟು.

ಈಗ ನೇರ ಮಾಡುವ ಲೇಪಗಳ ಮಾತು. ಕೆರಟಿನ್ ಎಂಬ ಹಿತವಾದ ಹೆಸರಿನಲ್ಲಿ ಹಲವು ಲೇಪಗಳು ಬಳಕೆಯಲ್ಲಿವೆ. ಕೆರಟಿನ್ ಎಂಬುದು ಕೂದಲಿನದೇ ಪ್ರೋಟೀನು. ಆದರೆ ಇಂಥ ಅನೇಕ ಲೇಪಗಳಲ್ಲಿ ಕೆಲಸ ಮಾಡುವ ವಸ್ತು ಫಾರ್ಮಾಲ್ಡಿಹೈಡ್, ಇಲ್ಲವೆ ಕಾಯಿಸಿದಾಗ ಅದನ್ನು ಹೊರಬಿಡುವ ಬೇರೊಂದು ದ್ರವ್ಯ. ಕಾದ ಕಬ್ಬಿಣ ಎಳೆಯುವಾಗ ಕಣ್ಣು ಉರಿದು ಗಂಟಲು ಕಟ್ಟುವುದು ಅದರ ಹೊಗೆಯಿಂದ. ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾ ವಿಭಾಗವು 2004ರಲ್ಲಿಯೇ ಫಾರ್ಮಾಲ್ಡಿಹೈಡನ್ನು ಮನುಷ್ಯರಲ್ಲಿ ಅರ್ಬುದ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಅಮೆರಿಕದಲ್ಲಿ 33,497 ಹೆಂಗಸರನ್ನು ಸುಮಾರು 11 ವರ್ಷ ಗಮನಿಸಿ 2022ರಲ್ಲಿ ಪ್ರಕಟಿಸಿದ ವರದಿಯ ಅಂದಾಜಿನಂತೆ, ನೇರ ಮಾಡುವ ರಾಸಾಯನಿಕಗಳನ್ನು ಎಂದೂ ಬಳಸದವರಲ್ಲಿ 70 ವರ್ಷದೊಳಗೆ ಗರ್ಭಕೋಶದ ಅರ್ಬುದ ಬರುವ ಸಂಭವ ನೂರಕ್ಕೆ 1.64, ವರ್ಷಕ್ಕೆ ನಾಲ್ಕಕ್ಕಿಂತ ಹೆಚ್ಚು ಸಲ ಬಳಸಿದವರಲ್ಲಿ 4.05. ಇದರಿಂದ ಲೇಪವೇ ಕಾರಣವೆಂದು ಸಿದ್ಧವಾಗದಿದ್ದರೂ ಅಲಕ್ಷಿಸುವ ಅಂಕಿಯಂತೂ ಅಲ್ಲ.

ಫಾರ್ಮಾಲ್ಡಿಹೈಡ್ ಇಲ್ಲವೆಂದು ಹೇಳಿಕೊಳ್ಳುವ ಲೇಪಗಳಲ್ಲಿ ಗ್ಲಯಾಕ್ಸಿಲಿಕ್ ಆಮ್ಲ ಇರುವುದುಂಟು. ಯಾವ ಕಾಯಿಲೆಯೂ ಇಲ್ಲದಿದ್ದ 26 ವರ್ಷದ ಯುವತಿಯೊಬ್ಬಳ ಪ್ರಸಂಗವನ್ನು ಫ್ರಾನ್ಸಿನ ವೈದ್ಯರು 2024ರಲ್ಲಿ ಪ್ರಕಟಿಸಿದರು. 2020, 2021, 2022, ಮೂರು ವರ್ಷವೂ ಒಂದೊಂದು ಸಲ ಕೂದಲು ನೇರ ಮಾಡಿಸಿಕೊಂಡಾಗ, ಮೂರು ಸಲವೂ ವಾಂತಿ, ಜ್ವರ, ಬೆನ್ನುನೋವು ಬಂದು ಆಕೆಯ ಮೂತ್ರಪಿಂಡಗಳಿಗೆ ಪೆಟ್ಟು ಬಿದ್ದಿತ್ತು. ಹಚ್ಚುವಾಗಲೇ ನೆತ್ತಿ ಉರಿದಿತ್ತು. ಆಕೆ ಚೇತರಿಸಿಕೊಂಡಳು. ನೆತ್ತಿಯಿಂದ ಒಳಸೇರಿದ ಆಮ್ಲವು ದೇಹದಲ್ಲಿ ಆಕ್ಸಲೇಟ್ ಆಗಿ ಮಾರ್ಪಟ್ಟು ಮೂತ್ರಪಿಂಡದಲ್ಲಿ ಹರಳುಗಟ್ಟುತ್ತದೆಂದು ಇಲಿಗಳ ಮೇಲಿನ ಪ್ರಯೋಗ ಸೂಚಿಸಿತು. ಬಸುರಿಯರೂ ಬಾಣಂತಿಯರೂ, ಮೂತ್ರಪಿಂಡದ ತೊಂದರೆಯಿರುವವರೂ ಇವುಗಳ ಹತ್ತಿರ ಸುಳಿಯಬಾರದು. ಉಳಿದವರು ಡಬ್ಬಿಯ ಮೇಲಿನ ದ್ರವ್ಯಗಳ ಪಟ್ಟಿಯನ್ನು ಓದದೆ ಕುರ್ಚಿಯ ಮೇಲೆ ಕೂರಬಾರದು. ಪಟ್ಟಿ ತೋರಿಸಲು ಒಪ್ಪದ ಅಂಗಡಿಯಿಂದ ಎದ್ದು ಬರುವುದೇ ಕ್ಷೇಮ. ಇಷ್ಟಾಗಿಯೂ, ನೇರವಾಗುವುದು ಇದ್ದ ಕೂದಲು ಮಾತ್ರ. ಮೂರು ತಿಂಗಳಲ್ಲಿ ಬುಡದಿಂದ ಹೊಸ ಗುಂಗುರು ಬಂದು, ಮೇಲೆ ಗುಂಗುರು ಕೆಳಗೆ ನೇರವೆಂಬ ಎರಡು ಬಗೆಯ ಕೂದಲನ್ನು ಹೊತ್ತು ತಿರುಗಬೇಕಾಗುತ್ತದೆ.

ಕೂದಲು ಇದ್ದಕ್ಕಿದ್ದಂತೆ ತೀರ ಒರಟಾಗಿ ಉದುರತೊಡಗಿ, ಜೊತೆಗೆ ಸುಸ್ತು, ಮೈ ಊದುವಿಕೆ ಇದ್ದರೆ ಅದು ಥೈರಾಯ್ಡ್ ದೋಷದ ಅಥವಾ ರಕ್ತಹೀನತೆಯ ಲಕ್ಷಣವಿರಬಹುದು. ಆಗ ಎಣ್ಣೆ ಬದಲಾಯಿಸುತ್ತ ಕೂರದೆ ವೈದ್ಯರಲ್ಲಿಗೆ ಹೋಗಬೇಕು.

ಮದುಮಗಳಿಗೆ ಗುಂಗುರು ಕೂದಲಿದ್ದರೆ ಧಾರೆಯ ದಿನದ ಮುಂಜಾನೆ ಎರೆಯುವುದಕ್ಕಿಂತ ಹಿಂದಿನ ದಿನವೇ ಎರೆದು, ಅಗಸೆಯ ಲೋಳೆ ಸವರಿ, ನೆರಳಿನಲ್ಲಿ ಒಣಗಿಸಿಡುವುದು ಅನುಕೂಲ. ಮೊಗ್ಗಿನ ಜಡೆ ಹಾಕುವವರಿಗೆ ಕೂದಲಿನ ಬಗೆಯನ್ನು ಮುಂಚಿತವಾಗಿ ತಿಳಿಸಿ, ಅಗಲ ಹಲ್ಲಿನ ಬಾಚಣಿಗೆಯನ್ನೂ ಒಂದು ಬಟ್ಟಲು ನೀರನ್ನೂ ಪಕ್ಕದಲ್ಲಿರಿಸಬೇಕು. ಹಣೆಯ ಮೇಲಿನ ನಾಲ್ಕು ಮುಂಗುರುಳನ್ನು ಅವರು ಎಣ್ಣೆ ಹಚ್ಚಿ ಹಿಂದಕ್ಕೆ ಅಂಟಿಸಹೊರಟರೆ, ಬೇಡವೆಂದು ಮೊದಲೇ ಹೇಳಿರಬೇಕು.